ಮೂರು ಚುಕ್ಕೆಯ ಬಂದೂಕು

ಲಿಫ್ಟಿನ ಬಾಗಿಲು ಇನ್ನೇನು ಮುಚ್ಚಬೇಕು, ವಾಚ್‌ಮನ್ ಕಾಲು ಅಡ್ಡ ಇಟ್ಟ. ಅವನ ಕಣ್ಣು ಅವಧೂತನ ತೋಳಿನಲ್ಲಿದ್ದ ಉದ್ದನೆಯ ಗಂಟಿನ ಮೇಲಿತ್ತು. ಹೂವಿನ ಚಾದರದಲ್ಲಿ ಸುತ್ತಿ, ಸುತ್ತಿದ್ದು ಸಾಲದೆಂದು ಮೂರು ಕಡೆ ಸುತಳಿ ಬಿಗಿದ ಗಂಟು. ಒಂದು ತುದಿ ಸಪೂರ, ಇನ್ನೊಂದು ತುದಿ ದಪ್ಪ.

"ಕಾಕಾ, ಹೇ ಕಾಯ್ ಆಣಲಂತ?" ಇದೇನು ತಂದಿರಿ ಎಂದು ಮರಾಠಿಯಲ್ಲಿ ಕೇಳಿದ.

ಅವಧೂತ ಮುನವಳ್ಳಿಗೆ ಅರವತ್ತಮೂರು ವರ್ಷ. ಪುಣೆ ಹತ್ತಿರದ ಭೋಸರಿಯ ಕಾರ್ಖಾನೆಯೊಂದರ ಟೂಲ್‌ರೂಮಿನಲ್ಲಿ ಮೂವತ್ತೆಂಟು ವರ್ಷ ಫಿಟರ್ ಆಗಿ ದುಡಿದು ನಿವೃತ್ತನಾದವನು. ಅಳತೆಯಲ್ಲಿ ಕೂದಲೆಳೆಯಷ್ಟು ಹೆಚ್ಚುಕಡಿಮೆಯಾದರೂ ಊಟ ಸೇರದ ಜಾತಿ. ಅಂಥವನಿಗೆ ಸಮಯಕ್ಕೆ ಸರಿಯಾಗಿ ಸುಳ್ಳು ಒದಗಿ ಬರುವುದಿಲ್ಲ. "ಬಂದೂಕ್ ಆಹೇ," ಎಂದುಬಿಟ್ಟ.

ವಾಚ್‌ಮನ್ ಒಂದು ಗಳಿಗೆ ಅವನ ಮುಖ ನೋಡಿ ಹೊಟ್ಟೆ ಹಿಡಿದುಕೊಂಡು ನಕ್ಕ. "ಕಾಕಾ, ತುಮ್ಹೀ ಪಣ ನಾ!" ನೀವೊಬ್ಬರು, ಎನ್ನುತ್ತ ಕಾಲು ತೆಗೆದ. ಲಿಫ್ಟು ಮೇಲೇರಿತು. ನಿಜ ಹೇಳಿ ಇಷ್ಟು ಸಲೀಸಾಗಿ ಪಾರಾಗಬಹುದೆಂದು ಅವಧೂತನಿಗೆ ಇಷ್ಟು ವರ್ಷ ಗೊತ್ತೇ ಇರಲಿಲ್ಲ.

ಮನೆಯಲ್ಲಿ ಮಾತ್ರ ರಾಧಾಬಾಯಿ ನಗಲಿಲ್ಲ. ಸುತಳಿ ಬಿಚ್ಚಿ ಚಾದರ ಸರಿಸಿದ ಕೂಡಲೇ ಅವಳು ಕೈಯಲ್ಲಿದ್ದ ಸೌಟಿನ ಸಮೇತ ಎರಡು ಹೆಜ್ಜೆ ಹಿಂದೆ ಸರಿದಳು.

"ಪಕ್ಷಮಾಸದಾಗ ಮನೀಗೆ ಏನರ ತರತಾರೇನ್ರಿ? ಒಂದ ಸೂಜಿ ಸುದ್ದಾ ತರಬಾರದು ಅಂತಾರ. ನೀವು ನೋಡಿದ್ರ ಬಂದೂಕ ತಂದೀರಿ!"

"ಹೊಸಾದು ತರಬಾರದು ರಾಧಾ. ಇದು ಹಳೇದು. ನನಗಿಂತ ಹದಿನೈದು ವರ್ಷಕ್ಕ ಹಿರೇದು."

"ಹಿರೇರನ್ನ ಹಿಂಗ ಚಾದರದಾಗ ಸುತಗೊಂಡು ತರತಾರೇನು? ಸಿಡೀತದೋ ಏನೋ ನೋಡ್ರಿ ಮೊದಲ."

ಅವಧೂತ ಅವಳನ್ನು ಹತ್ತಿರ ಕರೆದು ತೋರಿಸಿದ. ಗುಂಡು ಕೂಡುವ ಜಾಗದಲ್ಲಿ ಆರಪಾರ ತೂತು ಕೊರೆದಿದ್ದರು. ನಳಿಗೆಯ ಒಳಗೆ ಸರಳು ತುರುಕಿ ಬೆಸೆದಿದ್ದರು. ಮರದ ಮೇಲೆ ಬಿಳಿ ಬಣ್ಣದ ಪಟ್ಟಿ. ಇದು ಕವಾಯತಿಗೆ ಮಾತ್ರ ಎಂಬುದರ ಗುರುತು. ಸೈನ್ಯ ಹೊಸ ಬಂದೂಕು ತೆಗೆದುಕೊಂಡಾಗ ಹಳೆಯ ಥ್ರೀ ನಾಟ್ ಥ್ರೀಗಳಲ್ಲಿ ಕೆಲವಕ್ಕೆ ಹೀಗೆ ಜೀವ ತೆಗೆದು ಶಾಲೆಯ ಹುಡುಗರ ಕವಾಯತಿಗೆ ಕೊಟ್ಟಿದ್ದರು. ಇದು ಭೋರ್ ಕಡೆಯ ಮುಚ್ಚಿಹೋದ ವಸತಿಶಾಲೆಯೊಂದರಿಂದ ಬಂದದ್ದು. ಪುಣೆಯ ಕ್ಯಾಂಪ್ ಪೇಟೆಯಲ್ಲಿ ಪರವಾನಗಿ ಇಟ್ಟುಕೊಂಡು ಬಂದೂಕು ಮಾರುವ ಮುದುಕ, "ಯಾತೂನ ಗೋಳೀ ಸೋಡಾ, ಫುಂಕರ ಪಣ ಜಾಣಾರ ನಾಹೀ," ಎಂದಿದ್ದ. ಗುಂಡು ಹಾಗಿರಲಿ, ಊದಿದರೆ ಉಸಿರೂ ಆಚೆ ಹೋಗುವುದಿಲ್ಲ ಎಂದು. ಜೊತೆಗೆ ಪೊಲೀಸರ ಮೊಹರಿನ ಕಾಗದ ಇತ್ತು. ಆ ಕಾಗದಕ್ಕಾಗಿ ಮಗಳು ಸುರಭಿ ಖರಾಡಿಯ ಆಫೀಸಿಗೆ ಎರಡು ದಿನ ರಜೆ ಹಾಕಿ ಠಾಣೆಗೆ ಅಲೆದಿದ್ದಳು. "ಬ್ಯಾರೇರ ಅಪ್ಪಗೋಳು ರಿಟಾಯರ್ ಆದಮ್ಯಾಲೆ ಯೋಗಾ ಮಾಡತಾರ, ನಮ್ಮ ಅಪ್ಪಗ ಬಂದೂಕ ಬೇಕಂತ," ಎಂದು ಠಾಣೆಯ ಬೆಂಚಿನಿಂದಲೇ ತಾಯಿಗೆ ಫೋನು ಮಾಡಿ ಗೋಳಾಡಿದ್ದಳು.

ತೂತು ನೋಡಿ ರಾಧಾಬಾಯಿಗೆ ಸ್ವಲ್ಪ ಧೈರ್ಯ ಬಂತು. ಆದರೂ ಕೇಳಿದಳು: "ಅಲ್ರೀ, ಅಷ್ಟಕ್ಕೂ ಇದರಾಗ ಅದs ಇರತದಂತ ಹೆಂಗ ಹೇಳತೀರಿ? ಸಾವಿರಾರು ಬಂದೂಕ ಇರ್ತಾವ."

"ಬಿಚ್ಚಿ ನೋಡಿದ್ರ ಗೊತ್ತಾಗತದ," ಎಂದ ಅವಧೂತ.

ಬಿಚ್ಚಿ ನೋಡಬೇಕಾದದ್ದು ಅವನ ಅಪ್ಪನ ಮಾತನ್ನು. ಅಪ್ಪ ಅವ್ವಣ್ಣ ಗೋಕಾಕದ ಕಡೆಯಿಂದ ಇಪ್ಪತ್ತನೆಯ ವಯಸ್ಸಿಗೆ ಪುಣೆಗೆ ಬಂದು, ಊರ ಹೊರಗಿನ ಸೈನ್ಯದ ಡಿಪೋದಲ್ಲಿ ಕೆಲಸಕ್ಕೆ ಸೇರಿದವನು. ಏನು ಕೆಲಸ ಎಂದರೆ ಬಂದೂಕು ರಿಪೇರಿ. ಹಾಗೆಂದೇ ಅವನು ಹೇಳುತ್ತಿದ್ದ, ಹಾಗೆಂದೇ ಮನೆಮಂದಿ ನಂಬಿದ್ದರು. ಮೂರನೆಯ ಇಯತ್ತೆಯಲ್ಲಿದ್ದ ಮಗ ಒಮ್ಮೆ, ನೀ ರಿಪೇರಿ ಮಾಡಿದ ಬಂದೂಕು ಯಾವುದು ಅಂತ ಹೆಂಗ ಗೊತ್ತಾಗಬೇಕು ಎಂದು ಕೇಳಿದ್ದ. ಅಪ್ಪ ಸ್ವಲ್ಪ ಹೊತ್ತು ಯೋಚಿಸಿ, ಹೆಗಲಿಗೆ ಆನಿಸುವ ಮರ ಇರುತ್ತದಲ್ಲ, ಅದರ ತುದಿಗೆ ಒಂದು ಹಿತ್ತಾಳೆ ತಗಡು ಇರುತ್ತದೆ, ಅದರ ಕೆಳಗೆ ನಾನು ಮೂರು ಚುಕ್ಕೆ ಹೊಡೆದಿರುತ್ತೇನೆ ಎಂದಿದ್ದ. ಯಾರಿಗೂ ಹೇಳಬೇಡ ಎಂದು ಬಾಯಿಯ ಮೇಲೆ ಬೆರಳು ಇಟ್ಟಿದ್ದ.

ಆ ಮೂರು ಚುಕ್ಕೆಗಳೇ ಅವಧೂತನನ್ನು ಐಟಿಐಗೆ ಕಳಿಸಿದ್ದು, ಫಿಟರ್ ಮಾಡಿದ್ದು. ಬೇರೆ ಹುಡುಗರು ಗಡಿಯಾರ, ಸೈಕಲ್ಲು ಬಿಚ್ಚುತ್ತಿದ್ದಾಗ ಇವನು ಅಪ್ಪನ ಹಾಗೆ ಆಗಬೇಕೆಂದು ಅರ ಹಿಡಿದವನು. ಟೂಲ್‌ರೂಮಿನಲ್ಲಿ ಯಾರಾದರೂ ಅವನ ಕೈಗೆಲಸ ಹೊಗಳಿದರೆ, ಇದು ನಮ್ಮ ಅಪ್ಪನಿಂದ ಬಂದದ್ದು, ಅವನು ಬಂದೂಕು ಮಿಸ್ತ್ರಿ ಎನ್ನುತ್ತಿದ್ದ. ಅಪ್ಪ ತೀರಿಕೊಂಡು ನಲವತ್ತು ವರ್ಷವಾದರೂ ಆ ಮಾತು ಹೇಳುವಾಗ ಎದೆ ಸ್ವಲ್ಪ ಮುಂದೆ ಬರುತ್ತಿತ್ತು.

ಹೋದ ವರ್ಷ ಒಂದು ಮದುವೆಯ ಊಟದಲ್ಲಿ ಎಲ್ಲ ಕೆಟ್ಟಿತು. ಅವಧೂತನ ತಾಯಿಯ ತಮ್ಮ ಭೀಮುಮಾಮಾ ಅದೇ ಡಿಪೋದಲ್ಲಿ ಗುಮಾಸ್ತರಾಗಿದ್ದವರು. ಈಗ ಎಂಬತ್ತಮೂರು ವರ್ಷ. ಯಾವ ಮಾತು ಒಳಗಿಟ್ಟುಕೊಳ್ಳಬೇಕು, ಯಾವುದು ಹೊರಗೆ ಬಿಡಬೇಕು ಎಂಬ ಲೆಕ್ಕ ತಪ್ಪಿದ ವಯಸ್ಸು. ಜಿಲೇಬಿ ಮುರಿಯುತ್ತ, ಪಂಕ್ತಿಯಲ್ಲಿ ಕೂತ ಬೀಗರಿಗೆ ಕೇಳುವಂತೆ ಹೇಳಿದರು: "ಎಲ್ಲೀ ಮಿಸ್ತ್ರೀನೋ ಮಾರಾಯಾ! ನಿಮ್ಮಪ್ಪ ಗ್ರೀಸ ಹಚ್ಚಾಂವ ಇದ್ದ. ಪೆಟಗ್ಯಾಗ ಇಡೂ ಬಂದೂಕಿಗೆ ಗ್ರೀಸ ಮೆತ್ತೂದು. ನಾ ಅಲ್ಲಿಗೆ ಹೋದ ದಿವಸನs ಕೈ ಹಿಡಕೊಂಡು, ನಿಮ್ಮ ಅಕ್ಕಗ ಹೇಳಬ್ಯಾಡ ಅಂದಿದ್ದ." ಬೀಗರು ನಕ್ಕರು. ಅವಧೂತನೂ ನಕ್ಕಂತೆ ಮಾಡಿ ಎಲೆ ಮಡಿಸಿ ಎದ್ದ. ಅಂದಿನಿಂದ ಅವನಿಗೆ ಸಿಟ್ಟಿಗಿಂತ ಹೆಚ್ಚಾಗಿ ಒಂದು ಕುತೂಹಲ ಹತ್ತಿಕೊಂಡಿತು. ಚುಕ್ಕೆ ಇದ್ದರೆ ಮಾಮಾ ಸುಳ್ಳು, ಇಲ್ಲದಿದ್ದರೆ ಅಪ್ಪ ಸುಳ್ಳು. ಯಾರು ಎನ್ನುವುದು ಗೊತ್ತಾಗಲೇಬೇಕಿತ್ತು.

ಅಪ್ಪನ ಹಾಜರಿ ಬಿಲ್ಲೆ ಮನೆಯಲ್ಲಿತ್ತು, ರೂಪಾಯಿಯಷ್ಟು ಅಗಲದ ಹಿತ್ತಾಳೆ ತುಂಡು. ಅದರ ಮೇಲಿನ ಡಿಪೋದ ಗುರುತು ಇಟ್ಟುಕೊಂಡು ಅವಧೂತ ಆರು ತಿಂಗಳು ಕ್ಯಾಂಪಿನ ಅಂಗಡಿಗೆ ಓಡಾಡಿದ. ಕೊನೆಗೆ ಈ ಬಂದೂಕಿನ ಮರದ ಮೇಲೆ ಅದೇ ಗುರುತು, ಅದರ ಕೆಳಗೆ ೬೯ ಎಂಬ ಇಸವಿಯ ಅಂಕಿ ಕಂಡಿತು. ಆ ವರ್ಷ ಅಪ್ಪ ಅಲ್ಲೇ ಇದ್ದ. ಅಂಗಡಿಯಲ್ಲಿಯೇ ಹಿಂದಿನ ತಗಡು ಬಿಚ್ಚಿ ತೋರಿಸು ಎಂದರೆ ಮುದುಕ ಕೈಮುಗಿದ. ಬಿಚ್ಚುವುದಿದ್ದರೆ ಕೊಂಡುಕೊಂಡು ಬಿಚ್ಚು ಎಂದ. ಹೀಗೆ, ದೀಪಾವಳಿಗೆ ಬರಬೇಕಿದ್ದ ಹೊಸ ಫ್ರಿಜ್ಜಿನ ಬದಲು ಪಿತೃಪಕ್ಷದಲ್ಲಿ ಬಂದೂಕು ಬಂತು.

ಹಿಂದಿನ ಬಾಲ್ಕನಿ ಅವಧೂತನ ಕಾರ್ಖಾನೆ. ಅಲ್ಲಿ ಒಂದು ಹಲಗೆ, ಅದಕ್ಕೆ ಬಿಗಿದ ವೈಸು, ಗೋಡೆಗೆ ಸಾಲಾಗಿ ತೂಗುಹಾಕಿದ ಅರಗಳು. ಮೊದಲು ಹಿಂದಿನ ತಗಡನ್ನೇ ತೆಗೆಯಲು ಹೋದ. ಎರಡು ಸ್ಕ್ರೂ. ಎರಡೂ ತುಕ್ಕಿನಿಂದ ಜಂಗು ಹಿಡಿದು ಹಿತ್ತಾಳೆಯ ಜೊತೆ ಒಂದಾಗಿಬಿಟ್ಟಿದ್ದವು. ಬಲ ಹಾಕಿದರೆ ತಲೆ ಕಿತ್ತುಹೋಗುತ್ತದೆಂದು ಕೈಗೆ ತಕ್ಷಣ ತಿಳಿಯಿತು. ಎಣ್ಣೆ ಬಿಟ್ಟು ಇಟ್ಟ. ದಿನಕ್ಕೆ ನಾಲ್ಕು ಹನಿ, ಇಳಿಯುವ ತನಕ ಕಾಯಬೇಕು. ಕಾಯುವುದು ಅವನಿಗೆ ಗೊತ್ತಿದ್ದ ಕೆಲಸ.

ಕಾಯುವ ಹೊತ್ತಿಗೆ ಉಳಿದದ್ದನ್ನು ಬಿಚ್ಚಿದ. ನಳಿಗೆಯನ್ನು ಅಪ್ಪಿಕೊಂಡಿದ್ದ ಮುಂದಿನ ಮರದ ಬಳೆಗಳು ಸಡಿಲಾಗಿ, ಮರ ಎರಡು ಹೋಳಾಗಿ ಕೈಗೆ ಬಂತು. ಹೊರಗೆಲ್ಲ ಜಂಗು ತಿಂದಿತ್ತು, ಶಾಲೆಯ ಹುಡುಗರ ಬೆವರು, ಭೋರಿನ ಮಳೆಗಾಲ ಎಲ್ಲ ಅಲ್ಲಿ ಕಾಣುತ್ತಿತ್ತು. ಮರದ ಒಳಗೆ ಮುಚ್ಚಿದ್ದ ನಳಿಗೆಯ ಮೈಗೆ ಮಾತ್ರ ಹಳದಿ ಗ್ರೀಸು ಹೆಪ್ಪುಗಟ್ಟಿ ಮೇಣದ ಹಾಗೆ ಕೂತಿತ್ತು. ಅದರ ಮೇಲೆ ಉದ್ದುದ್ದಕ್ಕೆ ಏನೋ ಗೆರೆಗಳಿದ್ದವು. ಅವಧೂತ ಅವನ್ನು ನೋಡಿದ, ಆದರೆ ನೋಡಲಿಲ್ಲ. ಟೂಲ್‌ರೂಮಿನವನ ಕೈಗೆ ಯಾವ ಬಿಡಿಭಾಗ ಬಂದರೂ ಮೊದಲ ಕೆಲಸ ಅದನ್ನು ಸೀಮೆಎಣ್ಣೆಯಲ್ಲಿ ತೊಳೆಯುವುದು. ಜಿಡ್ಡು ಹೋಗದ ಹೊರತು ಅವನ ಕಣ್ಣಿಗೆ ಕಬ್ಬಿಣ ಕಬ್ಬಿಣವಲ್ಲ. ಹಳೇ ಬನಿಯನ್ನು ಅದ್ದಿ ಮೇಲಿಂದ ಕೆಳಗೆ ಮೂರು ಸಲ ಎಳೆದ. ಹಳದಿ ಎಲ್ಲ ಕರಗಿ ಬೋಗುಣಿಗಿಳಿಯಿತು, ಬೋಗುಣಿಯದ್ದು ಮೋರಿಗಿಳಿಯಿತು.

ಒರೆಸಿದ ಮೇಲೆ ಅವನು ಬೆರಗಾದ. ಕೆಳಗೆ ಒಂದು ಚುಕ್ಕೆ ಜಂಗು ಇರಲಿಲ್ಲ. ಐವತ್ತೈದು ವರ್ಷದ ಹಿಂದೆ ಗ್ರೀಸು ಹಚ್ಚಿಟ್ಟ ಕಬ್ಬಿಣ ನಿನ್ನೆ ಯಂತ್ರದಿಂದ ಇಳಿದಂತೆ ಕಪ್ಪಗೆ ಮಿಂಚುತ್ತಿತ್ತು. ರಾಧಾಬಾಯಿಯನ್ನು ಕರೆದು ತೋರಿಸಿದ. ಅವಳು ಮೂಗಿಗೆ ಸೆರಗು ಹಿಡಿದು, "ಛಂದ ಅದ, ಆದ್ರ ಚಿಮಣಿ ಎಣ್ಣಿ ವಾಸನಿ ಮೊನ್ನಿಂದ ಬ್ಯಾಳಿಯೊಳಗ ಸುದ್ದಾ ಬರಾಕತ್ತದ," ಎಂದು ಹೋದಳು.

ನವರಾತ್ರಿಯ ಎರಡನೆಯ ದಿನ ಭೀಮುಮಾಮಾ ಬಂದರು. ದಾಪೋಡಿಯಿಂದ ರಿಕ್ಷಾ ಹಿಡಿದು ಬಂದದ್ದು, ಅಕ್ಕನ ಮಗ ಬಂದೂಕು ತಂದಿದ್ದಾನೆಂಬ ಸುದ್ದಿ ಕೇಳಿ ಮನೆಯಲ್ಲಿ ಕೂರಲಾಗದೆ. ಮೊಣಕಾಲು ನೋವಿಗೆ ಡಾಕ್ಟರು ಮೆತ್ತನೆಯ ಚಪ್ಪಲಿ ಕೊಟ್ಟಿದ್ದರು. ಮನೆಯೊಳಗೂ, ಯಾರ ಮನೆಯಾದರೂ, ಅದನ್ನು ಬಿಡುತ್ತಿರಲಿಲ್ಲ. ಹಾಗೇ ಟಪಟಪ ಎನ್ನಿಸುತ್ತ ಬಾಲ್ಕನಿಗೆ ಬಂದು, ಬಿಡಿಬಿಡಿಯಾಗಿ ಬಿದ್ದಿದ್ದ ಬಂದೂಕನ್ನು ಕನ್ನಡಕ ಮೇಲೇರಿಸಿ ನೋಡಿದರು.

"ಗ್ರೀಸ ಎಲ್ಲೋ?" ಎಂದರು.

"ತೊಳದೆ ಮಾಮಾ."

"ಎಲ್ಲಾ?"

"ಎಲ್ಲಾ. ಯಾಕ್ರಿ?"

ಮಾಮಾ ಸ್ಟೂಲಿನ ಮೇಲೆ ಕೂತು ಕೋಲನ್ನು ಮೊಣಕಾಲ ನಡುವೆ ಇಟ್ಟುಕೊಂಡರು. "ಏನಿಲ್ಲ. ಇದ್ದಿದ್ರ ಯಾರು ಹಚ್ಚಿದ್ದು ಅಂತ ನಾ ಹೇಳತಿದ್ನಿ. ಆ ಶೆಡ್ಡಿನ್ಯಾಗ ಹನ್ನೆರಡು ಮಂದಿ ಇದ್ರು. ಹನ್ನೊಂದು ಮಂದಿ ಬ್ರಶ್ಶಿಲೆ ಹಚ್ಚತಿದ್ರು. ನಿಮ್ಮಪ್ಪ ಒಬ್ಬನs ಕೈಲೆ ಹಚ್ಚಾಂವ. ಬ್ರಶ್ಶಿಗೆ ಮೂಲಿ ತಿಳಿಯಂಗಿಲ್ಲ ಅಂತಿದ್ದ. ಸಾಹೇಬ ಬೈದ್ರೂ ಬಿಡಲಿಲ್ಲ. ಮಿಸ್ತ್ರಿಗೋಳ ಡ್ರೈವರ ಇಸಗೊಂಡು ಸ್ಕ್ರೂ ಬಿಚ್ಚಿ, ಒಳಗ ಬೆರಳ ಹಾಕಿ ಹಚ್ಚತಿದ್ದ, ತಡಾ ಆಗತಿತ್ತು. ಬ್ಯಾರೇರು ದಿನಕ್ಕ ನಲವತ್ತು ಮಾಡಿದ್ರ ಇಂವಂದು ಇಪ್ಪತ್ತೈದು."

"ಹಂಗಾರ ಬೈಗುಳನs ಗಳಿಸಿದ ಅನ್ರಿ."

"ಬೈಗುಳಾನೂ ಗಳಿಸಿದ. ಆದ್ರ ತಪಾಸಣಿ ಮಾಡೂ ಸಾಹೇಬರು ಬಂದಾಗ, ಅವ್ವಣ್ಣನ ಪೆಟಗಿ ನೋಡೂದ ಬ್ಯಾಡ ಬಿಡ್ರಿ, ಮುಂದಿಂದು ತಗೀರಿ, ಅಂತಿದ್ರು. ಹೊಟ್ಟಿಕಿಚ್ಚಿಗೆ ನಾವೆಲ್ಲಾ ನಗತಿದ್ವಿ. ಗ್ರೀಸ ಹಚ್ಚೂದು ಅಂದ್ರ ಏನ ದೊಡ್ಡ ವಿದ್ಯಾ ಬಿಡು."

"ಮತ್ತ ಮೂರು ಚುಕ್ಕಿ?"

"ಯಾವ ಚುಕ್ಕಿ?" ಎಂದರು ಮಾಮಾ. ಅವರ ಮುಖದಲ್ಲಿ ನಿಜವಾಗಿಯೂ ಏನೂ ಗೊತ್ತಿರಲಿಲ್ಲ.

ಅವರು ಚಹಾ ಕುಡಿದು ಹೋದ ಮೇಲೆ ಅವಧೂತ ಬಾಲ್ಕನಿಯಲ್ಲಿ ನಿಂತು ಖಾಲಿ ಬೋಗುಣಿ ನೋಡಿದ. ನಳಿಗೆಯ ಮೇಲಿದ್ದ ಉದ್ದುದ್ದ ಗೆರೆಗಳು ಬ್ರಶ್ಶಿನವೋ ಬೆರಳಿನವೋ? ನೆನಪು ಮಾಡಿಕೊಳ್ಳಲು ಕಣ್ಣು ಮುಚ್ಚಿದರೆ ಕಾಣಿಸಿದ್ದು ಹಳೇ ಬನಿಯನ್ನು ಮಾತ್ರ. ಜೀವಮಾನವಿಡೀ, ಮೊದಲು ಚೊಕ್ಕ ಮಾಡು ಆಮೇಲೆ ಅಳೆ ಎಂದು ಕಿರಿಯರಿಗೆ ಪಾಠ ಹೇಳಿದವನು ತಾನು. ಆ ಶಿಸ್ತಿನ ಮೇಲೆ ಅವನಿಗೆ ಮೊದಲ ಸಲ ಸಿಟ್ಟು ಬಂತು.

"ಹೋದದ್ದು ಹೋತು ಬಿಡ್ರಿ," ಎಂದಳು ರಾಧಾಬಾಯಿ. "ಹಿಂದಿನ ತಗಡು ಇನ್ನೂ ಬಿಚ್ಚಿಲ್ಲಲ್ಲ. ಅಲ್ಲೇ ಚುಕ್ಕಿ ಇದ್ರೂ ಇದ್ದಾವು." ಇಷ್ಟು ದಿನ ನಗೆಯಾಡಿದವಳಿಗೆ ಈಗ ಅವನಿಗಿಂತ ಹೆಚ್ಚು ಆತುರ. ದಿನಾ ಬೆಳಿಗ್ಗೆ ದೇವರಿಗೆ ದೀಪ ಹಚ್ಚಿ ಬಂದು, ಎಣ್ಣೆ ಇಳೀತೇನು ಎಂದು ಕೇಳತೊಡಗಿದಳು. ಚೊಕ್ಕ ಮಾಡುವ ಉಳಿದ ಕೆಲಸಗಳನ್ನು ಅವಧೂತ ಮೆಲ್ಲಗೆ ಮುಗಿಸಿದ. ಹೊರಗಿನ ಜಂಗನ್ನು ಹತ್ತಿಯಂಥ ಉಕ್ಕಿನ ಎಳೆಯಿಂದ, ಎಣ್ಣೆ ಬಿಟ್ಟು, ಬರೀ ಬೆರಳ ಭಾರದಲ್ಲಿ ತೆಗೆದ. ಮರಕ್ಕೆ ಅಗಸೆ ಎಣ್ಣೆ ತಿಕ್ಕಿದ. ಪ್ರತಿ ಸಲ ತಿಕ್ಕಿದಾಗಲೂ ಮರದ ಒಳಗಿನ ಕೆಂಪು ಸ್ವಲ್ಪ ಸ್ವಲ್ಪ ಮೇಲೆ ಬಂತು. ಬಿಳಿ ಪಟ್ಟಿಯನ್ನು ಮುಟ್ಟಲಿಲ್ಲ. ಅದು ಇರಬೇಕೆಂದು ಪೊಲೀಸರ ಕಾಗದದಲ್ಲಿ ಬರೆದಿತ್ತು.

ಆಯುಧಪೂಜೆಯ ಖಂಡೇನವಮಿಯ ಹಿಂದಿನ ದಿನ ಮಧ್ಯಾಹ್ನ, ಎಣ್ಣೆ ಸ್ಕ್ರೂವಿನ ಸುತ್ತ ಒದ್ದೆ ಉಂಗುರ ಮಾಡಿದ್ದು ಕಂಡಿತು. ಇಳಿದಿದೆ ಎಂದರ್ಥ. ಇಂಥ ಸ್ಕ್ರೂವಿಗೆ ಅದರ ಗಾಡಿಯ, ಅಂದರೆ ತಲೆಯ ಮೇಲಿನ ಸೀಳಿನ, ಅಳತೆಗೆ ಸರಿಯಾಗಿ ಕೂಡುವ ಡ್ರೈವರ್ ಬೇಕು, ಸ್ವಲ್ಪ ಸಡಿಲಾದರೂ ಗಾಡಿ ಹರಿದುಹೋಗುತ್ತದೆ. ಅವಧೂತ ಟ್ರಂಕಿನ ತಳದಿಂದ ಅಪ್ಪನ ಸ್ಕ್ರೂಡ್ರೈವರ್ ತೆಗೆದ. ಮರದ ಹಿಡಿಯದು, ಗೇಣುದ್ದದ್ದು. ಅಪ್ಪ ಭಾನುವಾರ ಅದನ್ನು ಎಣ್ಣೆ ಒರೆಸಿ ಕಿಟಕಿಯಲ್ಲಿ ಇಡುತ್ತಿದ್ದ. ಇದರಿಂದಲೇ ಬಂದೂಕು ಬಿಚ್ಚುವುದು ಎನ್ನುತ್ತಿದ್ದ. ಅಪ್ಪ ಹೋದ ಮೇಲೆ ಅವಧೂತ ಅದನ್ನು ಬಳಸಿರಲಿಲ್ಲ. ವರ್ಷಕ್ಕೊಮ್ಮೆ ಹೊರಗೆ ತೆಗೆದು, ಅರಿವೆ ಸುತ್ತಿದ ಹಾಗೇ ಪೂಜೆಗೆ ಇಟ್ಟು ಒಳಗೆ ಇಡುತ್ತಿದ್ದ.

ಈಗ ಅರಿವೆ ಬಿಚ್ಚಿ, ಸ್ಕ್ರೂವಿಗೆ ಹಿಡಿಯುವ ಮುಂಚೆ ಅದರ ತುದಿ ನೋಡಿದ. ಬೆಳಕಿಗೆ ತಿರುಗಿಸಿ ಮತ್ತೆ ನೋಡಿದ.

ತುದಿಯ ಮೇಲೆ ಅಂಗಡಿಯಲ್ಲಿ ಬಳಿದ ಕಪ್ಪು ಅರಗು ಹಾಗೇ ಇತ್ತು. ಮೂಲೆಗಳು ಚೂಪಾಗಿದ್ದವು. ದಿನಾ ಬಂದೂಕು ಬಿಚ್ಚುವವನ ಡ್ರೈವರಿನ ತುದಿ ಸವೆಯುತ್ತದೆ, ಅದನ್ನು ಅವನು ಕಲ್ಲಿಗೆ ಹಿಡಿದು ಮತ್ತೆ ಮತ್ತೆ ಮಸೆಯುತ್ತಾನೆ, ಹತ್ತು ವರ್ಷದಲ್ಲಿ ಅದು ಎರಡು ಬೆರಳು ಗಿಡ್ಡವಾಗುತ್ತದೆ. ಇದು ಒಂದು ಸ್ಕ್ರೂವನ್ನೂ ತಿರುಗಿಸಿರಲಿಲ್ಲ. ಬೇರೆ ಯಾರ ಡ್ರೈವರ್ ಆದರೂ ಅವಧೂತ ಒಂದು ನೋಟಕ್ಕೆ ಹೇಳಿಬಿಡುತ್ತಿದ್ದ. ಮನೆಯಲ್ಲಿ ಅದು ನಲವತ್ತು ವರ್ಷ ಬಿದ್ದಿದ್ದರೂ ಅದರ ತುದಿ ನೋಡಬೇಕೆಂದು ಅವನಿಗೆ ಅನ್ನಿಸಿರಲಿಲ್ಲ.

ಹಾಗಾದರೆ ಮಾಮಾ ಹೇಳಿದ್ದೇ ನಿಜ. ತಗಡು ಬಿಚ್ಚುವ ಅಗತ್ಯವೂ ಉಳಿದಿರಲಿಲ್ಲ. ಅವನಿಗೆ ಅಪ್ಪನ ಮೇಲೆ ಸಿಟ್ಟು ಬರಲಿಲ್ಲ. ಹಳೇ ಸಾಮಾನು ಮಾರುವ ಜುನಾ ಬಜಾರಿನ ಯಾವುದೋ ರಾಶಿಯಲ್ಲಿ ಬಗ್ಗಿ, ಹೆಂಡತಿ ಮಕ್ಕಳಿಗೆ ತೋರಿಸಲೆಂದು ಸ್ಕ್ರೂಡ್ರೈವರ್ ಆರಿಸುತ್ತಿದ್ದ ಮನುಷ್ಯ ಕಣ್ಣಿಗೆ ಬಂದು ತುಂಬ ಮರುಕವಾಯಿತು. ಅಷ್ಟು ನಾಚಿಕೆ ಯಾಕಿತ್ತು ಅವನಿಗೆ? ಕೇಳಲು ಅವನಿರಲಿಲ್ಲ.

ಅವಧೂತ ಎದ್ದ. ಎಣ್ಣೆಗಲ್ಲು ತೆಗೆದು, ಅಪ್ಪನ ಸ್ಕ್ರೂಡ್ರೈವರಿನ ತುದಿಯನ್ನು ಅದರ ಮೇಲೆ ಹಿಡಿದು ಮೆಲ್ಲಗೆ ಉಜ್ಜಿದ. ಅರಗು ಹೋಯಿತು, ಬಿಳಿ ಉಕ್ಕು ಬಂತು. ಗಾಡಿಯಲ್ಲಿ ಇಟ್ಟು ನೋಡುವುದು, ಮತ್ತೆ ಉಜ್ಜುವುದು. ಆರನೆಯ ಸಲಕ್ಕೆ ಅದು ಅಲುಗಾಡದೆ ಕೂತಿತು. ಎರಡೂ ಕೈಯಿಂದ ಒತ್ತಿ ಹಿಡಿದು, ಕೂದಲಷ್ಟು ತಿರುಗಿಸಿದ. ಕಿರ್ ಎಂದಿತು. ಅಡಿಗೆಮನೆಯಿಂದ ರಾಧಾಬಾಯಿ ಹೋಳಿಗೆಯ ಹೂರಣದ ಕೈಯಲ್ಲೇ ಓಡಿ ಬಂದಳು.

"ಬಂತೇನ್ರಿ?"

"ಬರಾಕತ್ತದ."

ಎರಡು ಸ್ಕ್ರೂ ಹೊರಗೆ ಬಂದವು. ತಗಡನ್ನು ಉಗುರಿನಿಂದ ಎಬ್ಬಿಸಿದ. ಮರದ ತುದಿ ಬಯಲಾಯಿತು. ಅಲ್ಲಿ ಚುಕ್ಕೆ ಇರಲಿಲ್ಲ. ಒಂದೂ ಇರಲಿಲ್ಲ. ಬೇಕಿಲ್ಲದಿದ್ದರೂ ಅವನು ಭೂತಗನ್ನಡಿ ಹಿಡಿದು ಹುಡುಕಿದ.

"ಇಲ್ಲ ನೋಡು," ಎಂದ.

"ತಗಡಿನ ಆ ಕಡೆ ನೋಡ್ರಿ," ಎಂದಳು ರಾಧಾಬಾಯಿ.

ತಿರುಗಿಸಿದ. ತಗಡಿನ ಒಳಮೈಗೆ, ಮರಕ್ಕೆ ಅಂಟಿಕೊಂಡು ಯಾರ ಕಣ್ಣಿಗೂ ಬೀಳದ ಜಾಗಕ್ಕೆ, ತೆಳ್ಳಗೆ ಹಳದಿ ಗ್ರೀಸು ಹಚ್ಚಿತ್ತು. ಒಳ್ಳೆಯ ಬೆಳಕಿನಲ್ಲಿ ಹಚ್ಚಿದವನ ಕೈ ಓಡಿದ ದಾರಿ ಕಾಣುತ್ತಿತ್ತು. ಒಂದರ ಪಕ್ಕ ಒಂದು ಮೂರು ಗೆರೆ. ಮೊದಲಿನ ಎರಡು ಈ ಅಂಚಿನಿಂದ ಆ ಅಂಚಿಗೆ ಪೂರ್ತಿ ಇದ್ದವು. ಮೂರನೆಯದು ತಡವಾಗಿ ಶುರುವಾಗಿ, ಅರ್ಧಕ್ಕೇ ನಿಂತಿತ್ತು.

ಗೋಕಾಕದಲ್ಲಿ ಹುಡುಗನಾಗಿದ್ದಾಗ ಅಪ್ಪನ ಬಲಗೈಯ ಉಂಗುರ ಬೆರಳಿನ ತುದಿ ಕಬ್ಬಿನ ಗಾಣಕ್ಕೆ ಸಿಕ್ಕು ಹೋಗಿತ್ತು. ದಿನಾ ಬೆಳಿಗ್ಗೆ ಡಿಪೋಕ್ಕೆ ಹೊರಡುವ ಮುಂಚೆ ಅಪ್ಪ ತನ್ನ ಹಣೆಗೆ ವಿಭೂತಿ ಎಳೆದುಕೊಂಡು, ಅದೇ ಕೈಯಿಂದ ಮಗನ ಹಣೆಗೂ ಎಳೆಯುತ್ತಿದ್ದ. ಎರಡು ಗೆರೆ ಉದ್ದ, ಮೂರನೆಯದು ಹಣೆಯ ನಡುವೆ ಒಂದಿಷ್ಟು ಮಾತ್ರ. ಶಾಲೆಯಲ್ಲಿ ಮರಾಠಿ ಹುಡುಗರು ಅವಧೂತನನ್ನು 'ಅಡೀಚ್' ಎಂದು ಕರೆಯುತ್ತಿದ್ದರು, ಎರಡೂವರೆ ಎಂದು. ಅಳುತ್ತ ಬಂದು, ನನಗೆ ವಿಭೂತಿ ಬೇಡ ಎಂದು ಹಟ ಮಾಡಿದ ದಿನ ಅಪ್ಪ ವಿಭೂತಿಯ ಬಟ್ಟಲನ್ನು ಅವ್ವನ ಕೈಗೆ ಕೊಟ್ಟ. ಮರುದಿನದಿಂದ ಮಗನಿಗೆ ಅವ್ವ ಹಚ್ಚತೊಡಗಿದಳು.

"ಗ್ರೀಸ ಉಳದದ ನೋಡ್ರಿ ಅಲ್ಲಿ," ಎಂದು ರಾಧಾಬಾಯಿ ಹಲಗೆಯ ಮೇಲಿದ್ದ ಚಿಂದಿ ಎತ್ತಿಕೊಟ್ಟಳು. ಅವಳು ಈ ಮನೆಗೆ ಬರುವ ಹೊತ್ತಿಗೆ ಮಾವ ತೀರಿಕೊಂಡಿದ್ದ. ಅವನ ಕೈಯನ್ನು ಅವಳು ಕಂಡವಳಲ್ಲ.

"ಬ್ಯಾಡ," ಎಂದ ಅವಧೂತ. ತಗಡನ್ನು ತನ್ನ ಕಡೆ ಎಳೆದುಕೊಂಡ. "ಇರಲಿ ಬಿಡು, ಅಲ್ಲಿ ಇರಬೇಕು ಅದು," ಎಂದ.

ಅವಳು ಅವನ ಕಣ್ಣು ನೋಡಿದಳು. ಚಿಂದಿಯನ್ನು ತಿರುಗಿ ಹಲಗೆಯ ಮೇಲಿಟ್ಟು ಒಳಗೆ ಹೋದಳು. ಅವಧೂತ ತಗಡನ್ನು ಮತ್ತೆ ಮರಕ್ಕೆ ಕೂಡಿಸಿದ. ಗೆರೆಗಳಿಗೆ ಬೆರಳು ತಾಗದ ಹಾಗೆ ಅಂಚು ಹಿಡಿದು ಕೂಡಿಸಿದ. ಎರಡೂ ಸ್ಕ್ರೂಗಳನ್ನು ಅಪ್ಪನ ಡ್ರೈವರಿನಿಂದಲೇ ಬಿಗಿದ.

ಮರುದಿನ ಖಂಡೇನವಮಿ. ಹಾಲಿನಲ್ಲಿ ಮಣೆಯ ಮೇಲೆ ಕೆಂಪು ಬಟ್ಟೆ ಹಾಸಿ ಅವಧೂತ ತನ್ನ ಆಯುಧಗಳನ್ನು ಸಾಲಾಗಿ ಇಟ್ಟಿದ್ದ. ಅರಗಳು, ಸುತ್ತಿಗೆ, ಮೈಕ್ರೋಮೀಟರು, ಸುರಭಿಯ ಒತ್ತಾಯಕ್ಕೆ ಅವಳ ಲ್ಯಾಪ್‌ಟಾಪು. ಈ ಸಲ ಅರಿವೆಯಿಲ್ಲದೆ, ತುದಿ ಬಿಳಿಯಾಗಿದ್ದ ಮರದ ಹಿಡಿಯ ಸ್ಕ್ರೂಡ್ರೈವರ್. ಎಲ್ಲದರ ಹಿಂದೆ ಗೋಡೆಗೆ ಆನಿಸಿ ಬಂದೂಕು. ಮೇಲೆ ಎಣ್ಣೆ ಕುಡಿದ ಮರ ಕೆಂಪಗೆ ಹೊಳೆಯುತ್ತಿತ್ತು. ಭೀಮುಮಾಮಾ ಪ್ರತಿ ವರ್ಷದಂತೆ ಊಟಕ್ಕೆ ಬಂದು, ಕುರ್ಚಿಯಲ್ಲಿ ಕೂತು, ಚಪ್ಪಲಿಯ ಕಾಲು ಆಡಿಸುತ್ತಿದ್ದರು.

"ಚುಕ್ಕಿ ಸಿಕ್ಕುವೇನೋ?" ಎಂದು ಕೇಳಿದರು.

"ಇಲ್ಲ ಮಾಮಾ. ಚುಕ್ಕಿ ಇದ್ದಿದ್ದಿಲ್ಲ."

"ನಾ ಹೇಳಿದ್ನಲ್ಲ!" ಎಂದರು ಮಾಮಾ. ಗೆದ್ದವರ ಹಾಗೆ ಸುತ್ತ ನೋಡಿದರು. ಯಾರೂ ನಗಲಿಲ್ಲ.

"ನೀವು ಹೇಳಿದ್ದು ಖರೆ. ಅಪ್ಪ ಗ್ರೀಸ ಹಚ್ಚಾಂವನs ಇದ್ದ," ಎಂದ ಅವಧೂತ. ಹೇಳುವಾಗ ಎದೆ ಸ್ವಲ್ಪ ಮುಂದೆ ಬಂದಿತ್ತು.

ರಾಧಾಬಾಯಿ ಆಯುಧಗಳಿಗೆ ಅರಿಶಿನ ಕುಂಕುಮ ಏರಿಸಿ, ವಿಭೂತಿಯ ಬಟ್ಟಲನ್ನು ಗಂಡನ ಮುಂದೆ ಹಿಡಿದಳು. ಅವಧೂತ ಬಲಗೈಯ ಮೂರು ಬೆರಳು ಅದ್ದಿದ. ಬಂದೂಕಿನ ಹಿಂಬದಿಯ ಮರದ ಮೇಲೆ, ಹಿತ್ತಾಳೆ ತಗಡಿಗೆ ಹತ್ತಿರವಾಗಿ, ಕೈಯಿಟ್ಟು ಮೆಲ್ಲಗೆ ಎಳೆದ. ಎಳೆಯುವಾಗ ಉಂಗುರ ಬೆರಳನ್ನು ತುಸು ಮಡಿಚಿಕೊಂಡಿದ್ದ.

"ಅಪ್ಪಾ, ಮೂರನೇದು ಪೂರ್ತಿ ಹತ್ತಿಲ್ಲ," ಎಂದಳು ಸುರಭಿ.

"ಅಷ್ಟs ಇರಲಿ," ಎಂದ ಅವನು.

ಭೀಮುಮಾಮಾರ ಕಾಲು ಆಡುವುದು ನಿಂತಿತು. ಅವರು ಕನ್ನಡಕ ಸರಿಮಾಡಿಕೊಂಡು ಬಂದೂಕಿನ ಕಡೆ ನೋಡಿದರು, ಆ ಅರ್ಧಕ್ಕೆ ನಿಂತ ಮೂರನೆಯ ಗೆರೆಯನ್ನೇ ನೋಡಿದರು. ಆಮೇಲೆ ಕೋಲು ಊರಿ, ಕುರ್ಚಿಯ ತೋಳು ಹಿಡಿದು, ನರಳುತ್ತ ಎದ್ದರು. ಸುರಭಿ ಕೈ ಕೊಡಲು ಹೋದಳು; ಬೇಡವೆಂದು ತಲೆಯಾಡಿಸಿದರು. ಮೆತ್ತನೆಯ ಚಪ್ಪಲಿಗಳನ್ನು ಒಂದೊಂದಾಗಿ ಕುರ್ಚಿಯ ಕೆಳಗೆ ಬಿಟ್ಟು, ತಣ್ಣನೆಯ ಫರಸಿ ನೆಲದ ಮೇಲೆ ಬರಿಗಾಲಿನಲ್ಲಿ ಮಣೆಯ ಮುಂದೆ ಬಂದು ನಿಂತರು.